ಇಂಗ್ಲಿಷ್ ಸಾಹೇಬನಿಗೆ ನಾನು ಬರೆದ ಕೊನೆಯ ಅಧ್ಯಾಯ

ಮೊದಲೇ ಹೇಳಿಬಿಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ಬಿ.ಎ. ಓದಿದವರ ನಡುವೆ ಒಬ್ಬ ಇಂಗ್ಲಿಷ್ ಕಾದಂಬರಿಕಾರನಿಗೆ ಸಂತನ ಹೆಸರಿದೆ. ಆ ಹೆಸರು ಅವನು ಗಳಿಸಿದ್ದಲ್ಲ, ನಾನು ಅಂಟಿಸಿದ್ದು. ಸತ್ತು ಎಷ್ಟೋ ಕಾಲವಾದ ಆ ಮನುಷ್ಯ ದೊಡ್ಡವರ ಸೋಗನ್ನೂ ಸಣ್ಣವರ ಆಸೆಬುರುಕತನವನ್ನೂ ಒಂದೇ ಸಮ ಲೇವಡಿ ಮಾಡಿದ ಕೊಂಕುಬಾಯಿಯವನು. ಅವನ ಬಾಯಿಗೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದು, ಮೂವತ್ತು ವರ್ಷ ಗದ್ದುಗೆಯ ಮೇಲೆ ಕೂರಿಸಿದವಳು ನಾನು. ಇದನ್ನೆಲ್ಲ ಬರೆಯಬೇಡಿ, ಮರ್ಯಾದೆ ಹೋಗುತ್ತದೆ ಎಂದವರಿದ್ದಾರೆ. ಹೋಗಲಿ. ಅದು ನನ್ನ ಮರ್ಯಾದೆ, ನಾನೇ ಕಳೆದುಕೊಳ್ಳುತ್ತೇನೆ.

ನಾನು ಹುಕ್ಕೇರಿಯವಳು. ಇಪ್ಪತ್ತೇಳನೆಯ ವಯಸ್ಸಿಗೆ ಗೋಕಾಕದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿಯಾಗಿ ಸೇರಿದೆ. ಬಿ.ಎ. ಕೊನೆಯ ವರ್ಷಕ್ಕೆ ಈ ಸಾಹೇಬನ ಕಾದಂಬರಿ ಪಠ್ಯವಾಗಿತ್ತು. ಕಥೆ ಸರಳ. ಮಕ್ಕಳಿಲ್ಲದ ಒಬ್ಬ ಶ್ರೀಮಂತ ಮುದುಕಿ. ಅವಳ ಆಸ್ತಿಗಾಗಿ ಪ್ರತಿ ರವಿವಾರ ಬಂದು ಹಲ್ಲುಗಿಂಜುವ ಬಂಧುಬಳಗ. ಮುದುಕಿಯ ನಾಯಿ ಒಬ್ಬ ಸೋದರಳಿಯನ ಮೀನಖಂಡ ಹಿಡಿದರೆ, ರಕ್ತ ಒರೆಸಿಕೊಳ್ಳುತ್ತಲೇ ಅವನು ನಾಯಿಯ ಹಲ್ಲು ಹೊಗಳುತ್ತಾನೆ. ಇವರೆಲ್ಲರ ನಡುವೆ ದೂರದ ಸಂಬಂಧದ ಒಬ್ಬ ಬಡ ಹುಡುಗಿ, ಮುದುಕಿಗೆ ಪತ್ರಿಕೆ ಓದಿ ಹೇಳುತ್ತ, ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತ, ಬೈಸಿಕೊಳ್ಳುತ್ತ ಇರುತ್ತಾಳೆ. ಕೊನೆಗೆ ಮುದುಕಿ ಸಾಯುತ್ತಾಳೆ, ಎಲ್ಲರೂ ಕಪ್ಪು ಬಟ್ಟೆ ತೊಟ್ಟು ಕೂರುತ್ತಾರೆ, ವಕೀಲ ಕನ್ನಡಕ ಹಾಕಿಕೊಂಡು ಉಯಿಲಿನ ಲಕೋಟೆ ಒಡೆಯುತ್ತಾನೆ.

ನಮ್ಮ ಪ್ರತಿ ಅಲ್ಲಿಗೇ ನಿಂತಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ ಇದ್ದದ್ದೇ ಒಂದು ಪುಸ್ತಕ. ಕೊನೆಯ ಅಧ್ಯಾಯದ ಮೇಲೆ ಪ್ರತಿ ವರ್ಷ ಹದಿನೈದು ಅಂಕದ ಪ್ರಶ್ನೆ ಬರುತ್ತಿದ್ದುದರಿಂದ ಯಾರೋ ಒಬ್ಬ ಪುಣ್ಯಾತ್ಮ ಆ ಅಧ್ಯಾಯವನ್ನೇ ಹರಿದು, ಕಾಲುಚೀಲದಲ್ಲಿಟ್ಟುಕೊಂಡು ಪರೀಕ್ಷೆಗೆ ಹೋಗಿದ್ದ. ಆ ಹರಿದ ಪುಸ್ತಕದ ಝೆರಾಕ್ಸ್, ಝೆರಾಕ್ಸಿನ ಝೆರಾಕ್ಸ್, ಅದೇ ಸುತ್ತಮುತ್ತಲ ಕಾಲೇಜುಗಳಿಗೆಲ್ಲ ಹೋಗಿತ್ತು. ಅಂಗಡಿಯಲ್ಲಿ ಪುಸ್ತಕ ಸಿಗುತ್ತಿರಲಿಲ್ಲ. ಮೊದಲಿನ ಎರಡು ವರ್ಷ ನಾನು ಪೋರ್ಶನ್ ಮುಗಿಯಲಿಲ್ಲ ಎಂದು ಹೇಳಿ ಉಯಿಲಿನ ಹತ್ತಿರವೇ ನಿಂತುಬಿಟ್ಟೆ. ನನಗಿಂತ ಮೊದಲು ಆ ಪಾಠ ಮಾಡುತ್ತಿದ್ದ ಹಿರಿಯರು ನಿವೃತ್ತರಾಗಿ ನಮ್ಮ ಹುಕ್ಕೇರಿಯಲ್ಲೇ ಇದ್ದರು, ಸಂಜೆ ನಮ್ಮ ಓಣಿಯಲ್ಲೇ ಅಡ್ಡಾಡುತ್ತಿದ್ದರು. ಅವರನ್ನು ಕೇಳಬಹುದಿತ್ತು. ಕೇಳಿದರೆ ನಾನು ಪುಸ್ತಕ ಪೂರ್ತಿ ಓದಿಲ್ಲವೆಂದು ಗೊತ್ತಾಗುತ್ತಿತ್ತು. ಆದ್ದರಿಂದ ಕೇಳಲಿಲ್ಲ.

ಮೂರನೆಯ ವರ್ಷ ಸಂಕೇಶ್ವರದಿಂದ ಗೈಡ್ ಅಚ್ಚು ಹಾಕುವ ಒಬ್ಬರು ಬಂದರು. ಅತ್ತ ಇಂಗ್ಲಿಷಿನಲ್ಲಿ ಉತ್ತರ, ಇತ್ತ ಕನ್ನಡದಲ್ಲಿ ಸಾರಾಂಶ ಇರುವ ತೆಳು ಪುಸ್ತಕಗಳು ಅವರವು.

"ಎಂಟ ದಿನದಾಗ ಬರದ ಕೊಡ್ರಿ ಬಾಯಾರ," ಎಂದರು. "ಪರೀಕ್ಷಾ ಮೂಗಿನ ತುದೀಗಿ ಬಂದೈತಿ. ನಿಮ್ಮ ಹೆಸರ ಹಾಕೂದಿಲ್ರಿ, ಅನುಭವಿ ಪ್ರಾಧ್ಯಾಪಕರಿಂದ ಅಂತ ಹಾಕ್ತೇನಿ."

ಎರಡು ವರ್ಷದ ಅನುಭವಿ ಪ್ರಾಧ್ಯಾಪಕಿ ಒಪ್ಪಿಕೊಂಡಳು. ಏಳು ದಿನ ಇದ್ದದ್ದನ್ನು ಬರೆದೆ. ಎಂಟನೆಯ ದಿನ, ಇಲ್ಲದ ಅಧ್ಯಾಯಕ್ಕೆ ಬಂದೆ. ಬೆಳಗಾವಿಗೆ ಹೋಗಿ ಹುಡುಕಿದ್ದರೆ ಒಂದು ಪ್ರತಿ ಸಿಗುತ್ತಿತ್ತೋ ಏನೋ, ಹೋಗಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ದಿನಾ ಕಾಯಕ, ದಾಸೋಹ ಎಂದು ಹೇಳುತ್ತಿದ್ದುದು ತಲೆಯಲ್ಲಿತ್ತು. ಊರಲ್ಲಿ ನೋಡಿದ ನಾಟಕಗಳ ಕಡೆಯ ಅಂಕಗಳೂ ಇದ್ದವು. ಹುಡುಗಿಗೆ ಆಸ್ತಿಯೆಲ್ಲ ಬಂತೆಂದು ಬರೆದೆ. ಅವಳು ಒಂದು ಕಾಸೂ ಮುಟ್ಟದೆ ಬಡವರಿಗೆ ಹಂಚಿದಳೆಂದು ಬರೆದೆ. ಹಲ್ಲುಗಿಂಜುವ ಬಳಗವೆಲ್ಲ ಅವಳ ಕಾಲಿಗೆ ಬಿದ್ದು ಕಣ್ಣೀರು ಹಾಕಿತೆಂದೂ, ತಾಳ್ಮೆಯಿಂದ ಸೇವೆ ಮಾಡಿದವರಿಗೆ ಕೊನೆಗೆ ಜಯವಿದೆಯೆಂದೂ ಬರೆದೆ. ಬರೆಯುತ್ತ ನನಗೇ ಕಣ್ಣು ತುಂಬಿತು. ಸುಳ್ಳು ಹೇಳುವುದಿಲ್ಲ, ಭಾಳ ಚೆನ್ನಾಗಿ ಬಂದಿದೆ ಅನ್ನಿಸಿತ್ತು.

ಗೈಡ್ ಖರ್ಚಾಯಿತು. ಮುಂದಿನ ವರ್ಷ ಮತ್ತೆ ಅಚ್ಚಾಯಿತು. ಹುಡುಗರು ಅದನ್ನು ಬಾಯಿಪಾಠ ಮಾಡಿದರು, ನಾವು ಅದಕ್ಕೇ ಅಂಕ ಕೊಟ್ಟೆವು. ಹಾಗೆ ಪಾಸಾದವರೇ ಮುಂದೆ ಉಪನ್ಯಾಸಕರಾಗಿ ಬಂದು ಅದನ್ನೇ ಪಾಠ ಮಾಡಿದರು. ಪಠ್ಯಕ್ರಮ ನಾಲ್ಕು ಸಲ ಬದಲಾದರೂ ಸಾಹೇಬನನ್ನು ಯಾರೂ ಅಲುಗಿಸಲಿಲ್ಲ, ಯಾಕೆಂದರೆ ಅವನಿಗೆ ಗೈಡ್ ಇತ್ತು. ಅವನ ದೇಶದಲ್ಲಿ ಈಗ ಅವನನ್ನು ಓದುವವರು ಕಡಿಮೆಯೆಂದೂ, ಕ್ರೂರಿ, ಕರುಣೆಯಿಲ್ಲದವನು ಎಂದು ಮೂಲೆಗೆ ತಳ್ಳಿದ್ದಾರೆಂದೂ ಎಲ್ಲೋ ಓದಿದ್ದೆ. ನಮ್ಮಲ್ಲಿ ನೋಡಿದರೆ ಕುಲಗೋಡದ ಒಂದು ಸಾಲೆಯಲ್ಲಿ ಮಾಸ್ತರರೊಬ್ಬರು ಅವನ ಕಥೆಯನ್ನು ಮಕ್ಕಳ ನಾಟಕ ಮಾಡಿಸಿದರು. ಕಾಲಿಗೆ ಬೀಳುವ ದೃಶ್ಯಕ್ಕೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರಂತೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಒಂದು ಭಾಷಣದಲ್ಲಿ, "ಆ ಇಂಗ್ಲಿಷ್ ಸಾಹೇಬ ನಮ್ಮ ಶರಣರಂಗ ಬದುಕಿದಾಂವ" ಎಂದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ.

ಹೀಗೆ ಮೂವತ್ತು ವರ್ಷ ಕಳೆದವು. ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ಒಂದು ಮಧ್ಯಾಹ್ನ ಮೂಡಲಗಿಯಿಂದ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದಳು. ಅಪ್ಪ ಟೇಲರ್. ಅವಳು ಅಲ್ಲಿಯದೇ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ, ಇಂಗ್ಲಿಷಿನಲ್ಲಿ ಮಾತ್ರ ಫೇಲು. ಬಿ.ಎಡ್. ಸೀಟು ಸಿಕ್ಕಿತ್ತು, ಆದರೆ ಹದಿನೈದು ದಿನದೊಳಗೆ ಪಾಸಾದ ಅಂಕಪಟ್ಟಿ ಕೊಡದಿದ್ದರೆ ಸೀಟು ಬೇರೆಯವರಿಗೆ.

"ಸೀಟ ಹೋದ್ರ ವರ್ಷ ಅಷ್ಟ ಹೋಗೂದಿಲ್ರಿ ಮಿಸ್," ಎಂದಳು. "ನಮ್ಮ ದೊಡ್ಡವ್ವ ಅದಾಳ್ರಿ, ನಮ್ಮಪ್ಪನ ಅಣ್ಣನ ಹೇಣ್ತಿ. ದೊಡ್ಡಪ್ಪ ತೀರ್ಕೊಂಡಾನ, ಮಕ್ಕಳಿಲ್ಲ, ದೊಡ್ಡ ವಾಡೇದ ಮನಿ ಐತಿ, ಹೊಲ ಐತಿ. ನಮ್ಮವ್ವ ದಿನಾ ಹೋಗಿ ರೊಟ್ಟಿ ಬಡದ, ಕಾಲ ಒತ್ತಿ ಬರ್ತಾಳ. ಈಗ ದೊಡ್ಡವ್ವ, ಫೇಲಾದಾಕಿ ಮನ್ಯಾಗ ಕುಂತ ಏನ ಮಾಡ್ತಾಳ, ನನ್ನ ಹಂತೇಕ ಕಳಸು, ಅಂತ ಹಟಾ ಹಿಡದಾಳ. ಒಮ್ಮೆ ಹೊಕ್ಕರ ನಾ ಹೊರಗ ಬರೂದಿಲ್ರಿ."

ಅವಳು ತನ್ನ ಉತ್ತರಪತ್ರಿಕೆಯ ನಕಲು ತೆಗೆಸಿ ತಂದಿದ್ದಳು. ಹದಿನೈದು ಅಂಕದ ಪ್ರಶ್ನೆಗೆ ಸೊನ್ನೆ ಬಿದ್ದಿತ್ತು. ಮಗ್ಗುಲಲ್ಲಿ ಕೆಂಪು ಶಾಯಿಯಲ್ಲಿ, ಇದು ಪಠ್ಯದಲ್ಲಿಲ್ಲ, ಸ್ವಂತ ಕಲ್ಪನೆ, ಎಂದು ಬರೆದಿತ್ತು. ಆ ಬಾಗಿದ ಅಕ್ಷರ ನನ್ನದು. ಮೌಲ್ಯಮಾಪನ ಕೇಂದ್ರದಲ್ಲಿ ಚಹಾದ ಹೊತ್ತಿಗೆ, ಯಾರೋ ಶಾಣ್ಯಾ ತನ್ನದೇ ಕತಿ ಕಟ್ಟಿದ್ದಾನೆ ನೋಡಿ ಎಂದು ನಾನೇ ಎಲ್ಲರನ್ನೂ ನಗಿಸಿದ್ದು ನೆನಪಾಯಿತು. ಹುಡುಗಿಗೆ ಅದು ಯಾರ ಕೈಬರಹವೆಂದು ಗೊತ್ತಿರಲಿಲ್ಲ. ನಾನಾಗ ಹೇಳಲೂ ಇಲ್ಲ.

"ಗೈಡ್ ಓದಲಿಲ್ಲೇನ?" ಎಂದೆ.

"ಇಲ್ರಿ. ಫೋನಿನಾಗ ಪುಸ್ತಕಾನ ಸಿಕ್ತರಿ, ಪುಗಸಟ್ಟೆ. ನಿಘಂಟ ಹಿಡಕೊಂಡ ಮೂರ ತಿಂಗಳ ಓದೇನಿ. ನೀವು ಕಡೀ ಅಧ್ಯಾಯ ಓದೀರೇನ್ರಿ ಮಿಸ್?"

ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರಿದ್ದರು. ನಾನು ಅವಳ ಫೋನಿಗೆ ಕೈಚಾಚಿದೆ.

ಅದು ಆರೇ ಪುಟ. ಆಸ್ತಿ ಹುಡುಗಿಗೆ ಬರುತ್ತದೆ, ಅಷ್ಟು ಮಾತ್ರ ನಾನು ಸರಿಯಾಗಿ ಊಹಿಸಿದ್ದೆ. ಮುಂದಿನ ರವಿವಾರ ಬಳಗವೆಲ್ಲ ಎಂದಿನಂತೆ ಬರುತ್ತದೆ. ಮುದುಕಿಯ ಕುರ್ಚಿಯಲ್ಲಿ, ಮುದುಕಿಯದೇ ಶಾಲು ಹೊದ್ದು ಹುಡುಗಿ ಕೂತಿರುತ್ತಾಳೆ. ಹೊಸದಾಗಿ ಇನ್ನೊಬ್ಬ ಬಡ ಹುಡುಗಿ ಬಂದು ಪತ್ರಿಕೆ ಓದುತ್ತಿರುತ್ತಾಳೆ. ಜೋರಾಗಿ ಓದು, ಎಂದು ಇವಳು ಗದರುತ್ತಾಳೆ. ನಾಯಿ ಆ ಸೋದರಳಿಯನತ್ತ ನಡೆಯುತ್ತದೆ. ಅಲ್ಲಿಗೆ ಮುಗಿಯಿತು. ಯಾರೂ ಅಳುವುದಿಲ್ಲ, ಯಾರೂ ಯಾರ ಕಾಲಿಗೂ ಬೀಳುವುದಿಲ್ಲ.

ಓದಿ ತಲೆಯೆತ್ತಿದೆ. ಎದುರಿಗೆ ನಮ್ಮ ಅತಿಥಿ ಉಪನ್ಯಾಸಕಿ ಕೂತಿದ್ದಳು, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಹೆದರಿಕೆಯ ಹುಡುಗಿ. ನನಗೆ ಕಣ್ಣು ಮಂಜೆಂಬ ನೆಪಕ್ಕೆ ದಿನಾ ಬೆಳಿಗ್ಗೆ ಅವಳೇ ಪತ್ರಿಕೆ ಓದಿ ಹೇಳುತ್ತಿದ್ದಳು, ಹಬ್ಬಕ್ಕೆ ಕರದಂಟು ತರುತ್ತಿದ್ದಳು, ನನ್ನ ಸೀರೆ ಹೊಗಳುತ್ತಿದ್ದಳು. ಅವತ್ತು ಬೆಳಿಗ್ಗೆಯೂ ನಾನು ಕಿಟಕಿ ಪಕ್ಕದ ನನ್ನ ಮೆತ್ತೆಯ ಕುರ್ಚಿಯಲ್ಲಿ ಕುಳಿತು, "ಜೋರ ಓದವಾ, ಬಾಯಾಗ ಏನ ಇಟಗೊಂಡಿ?" ಎಂದು ಗದರಿದ್ದೆ. ಎಲ್ಲಿಯ ದೇಶ, ಯಾವ ಕಾಲದ ಮನುಷ್ಯ, ಗೋಕಾಕಕ್ಕೆ ಬಂದವನೇ ಅಲ್ಲ, ನನ್ನನ್ನು ನೋಡಿ ಬರೆದಿಟ್ಟಿದ್ದ. ಅಷ್ಟು ನಾಚಿಕೆಯಾದದ್ದು ಜೀವನದಲ್ಲಿ ಅದೇ ಮೊದಲು.

ಅವನು ಕ್ರೂರಿ ಎಂಬ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ಅವನ ದೇಶದವರೇ ಹೇಳಿದರೂ ಒಪ್ಪುವುದಿಲ್ಲ. ಸತ್ತ ಬಿಳಿಯ ಸಾಹೇಬ ನಮ್ಮ ಹಳ್ಳಿ ಮಕ್ಕಳಿಗೆ ಏಕೆ ಬೇಕು ಎಂದು ಕೇಳುವ ನಮ್ಮವರಿಗೂ ಒಂದು ಮಾತು. ಟೇಲರನ ಮಗಳೊಬ್ಬಳು ಮೂರು ತಿಂಗಳು ನಿಘಂಟು ಹಿಡಿದು ಅವನನ್ನು ಓದಿದ್ದು ಅಂಕಕ್ಕಲ್ಲ, ಓದದೆಯೂ ಅಂಕ ಸಿಗುತ್ತಿತ್ತು. ಏಕೆ ಓದಿದೆ ಎಂದು ನಾನು ಕೇಳಿದಾಗ ಅವಳು, "ನಮ್ಮ ದೊಡ್ಡವ್ವನ ಮನಿ ಇದ್ದಂಗ ಐತ್ರಿ ಮಿಸ್, ನಕ್ಕ ನಕ್ಕ ಸಾಕಾತು, ಆಮ್ಯಾಲ ಅಂಜಿಕಿ ಬಂತು," ಎಂದಳು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನಗಿಂತ ಅವನನ್ನು ಇವಳು ಚೆನ್ನಾಗಿ ಅರಿತಿದ್ದಳು.

ಮರುದಿನವೇ ಪರೀಕ್ಷಾ ಮಂಡಳಿಯ ಅಧ್ಯಕ್ಷರ ಮನೆಗೆ ಹೋದೆ. ಅವರು ನನ್ನ ಹಳೆಯ ವಿದ್ಯಾರ್ಥಿ, ನನ್ನ ಸನ್ಮಾನ ಸಮಿತಿಗೂ ಅವರೇ ಮುಂದಾಳು. ಸೋಫಾದ ಮೇಲೆ ಕೂರಿಸಿ ಚಹಾ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕರು.

"ಫೋನಿನಾಗಿಂದ ಏನ್ ನಂಬತೀರಿ ಮೇಡಮ್? ಯಾರರೆ ತಿದ್ದಿರಬೇಕು. ಗೈಡ್ ಹೆಂಗ ತಪ್ಪಾಗತೈತ್ರಿ? ಮೂವತ್ತ ವರ್ಷದಿಂದ ಐತಿ."

"ಆ ಗೈಡ್ ಬರದಾಕಿ ನಾನ."

ಅವರ ಚಹಾ ಬಸಿಯಲ್ಲಿ ಚೆಲ್ಲಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಮೇಡಮ್, ನಾನೂ ಅದನ್ನ ಬರದ ಪಾಸಾಗೇನಿ. ಮಂಡಳ್ಯಾಗ ಇದ್ದಾವರೆಲ್ಲಾ ಅದನ್ನ ಬರದ ಪಾಸಾಗ್ಯಾರ. ಈಗ ತಪ್ಪ ಅಂದ್ರ ನಾವೆಲ್ಲಾ ಫೇಲಲ್ರಿ? ಮುಂದಿನ ತಿಂಗಳ ನಿಮ್ಮ ಸನ್ಮಾನ ಐತಿ. ಕಾರ್ಡ್ ಪ್ರಿಂಟಾಗಾಕತ್ತಾವ."

ಕರಡು ಕಾರ್ಡನ್ನೂ ತೋರಿಸಿದರು. ಮಹಾನ್ ನೀತಿವಂತ ಆಂಗ್ಲ ಕಾದಂಬರಿಕಾರನನ್ನು ಈ ಭಾಗದ ಮನೆಮನೆಗೆ ಮುಟ್ಟಿಸಿದ ಗುರುಮಾತೆ, ಎಂದು ನನ್ನ ಭಾವಚಿತ್ರದ ಕೆಳಗೆ ಇತ್ತು. ಇಂಥ ಸಾಲನ್ನು ಆ ಸಾಹೇಬ ತಾನೇ ಕೂತು ಬರೆದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಕಾರ್ಡ ಹರದ ಒಗೀರಿ," ಎಂದೆ. "ಆ ಹುಡುಗಿ ಖರೆ ಬರದಾಳ, ನಾ ಸೊನ್ನಿ ಕೊಟ್ಟೇನಿ. ಕೈಯಾಗಿನ ಸೀಟ ಹೋಗಾಕತ್ತೈತಿ. ನೀವು ಮಂಡಳಿ ಕರೀರಿ, ಇಲ್ಲಂದ್ರ ನಾ ಪೇಪರಿನ್ಯಾವರನ್ನ ಕರೀತೇನಿ."

ಮಂಡಳಿ ಸೇರಿತು. ನಾನು ಒಂದು ಹಾಳೆಯಲ್ಲಿ, ಈ ಗೈಡ್ ಬರೆದವಳು ನಾನು, ಕೊನೆಯ ಅಧ್ಯಾಯ ಓದದೆ ಬರೆದೆ, ಇಷ್ಟು ವರ್ಷ ಸುಳ್ಳಿಗೆ ಅಂಕ ಕೊಟ್ಟೆ, ಈ ವರ್ಷ ಸತ್ಯಕ್ಕೆ ಸೊನ್ನೆ ಕೊಟ್ಟೆ, ಎಂದು ಬರೆದು ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಆ ಆರು ಪುಟಗಳನ್ನೂ ಗಟ್ಟಿಯಾಗಿ ಓದಿದೆ. ಒಬ್ಬರು ಮೆಲ್ಲಗೆ, "ನಿಮ್ಮದ ಚಲೋ ಇತ್ತಲ್ರಿ ಮೇಡಮ್. ಇದರಾಗ ನೀತಿನ ಇಲ್ಲಲ್ಲ," ಎಂದರು. ಇನ್ನೊಬ್ಬರು, "ಕಾದಂಬರಿಕಾರಂದ ತಪ್ಪ ಐತಿ ಬಿಡ್ರಿ," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಅವನ ಪುಸ್ತಕದಲ್ಲಿ ಅವನದೇ ತಪ್ಪು ಅನ್ನುವಷ್ಟು ದೂರ ನಾವು ಬಂದಿದ್ದೆವು, ಆ ದಾರಿ ತೋರಿಸಿದವಳು ನಾನು. ಮೇಜು ಕುಟ್ಟಿದೆ, ಬಾಯಿಗೆ ಬಂದದ್ದು ಅಂದೆ, ಈಗ ಅದನ್ನು ಇಲ್ಲಿ ಬರೆಯುವುದಿಲ್ಲ.

ಅವರು ಮಾಡಿದ ತೀರ್ಮಾನ ಇದು. ಇನ್ನು ಮುಂದೆ ಎರಡೂ ಕೊನೆಗಳಿಗೆ ಪೂರ್ಣ ಅಂಕ. ಹುಡುಗಿಯ ಸೊನ್ನೆಯನ್ನು, ಕೂಡಿಸುವಾಗ ಆದ ಕಣ್ತಪ್ಪು ಎಂದು ಬರೆದು ತಿದ್ದುವುದು. ನನ್ನ ಹಾಳೆಯನ್ನು ಕಡತಕ್ಕೆ ಸೇರಿಸದಿರುವುದು. ನಾನು ಆ ಹಾಳೆಯ ಝೆರಾಕ್ಸ್ ಮಾಡಿಸಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಿದೆ. ಮಧ್ಯಾಹ್ನದೊಳಗೆ ಯಾರೋ ಕಿತ್ತರು, ಮತ್ತೆ ಹಚ್ಚಿದೆ. ನಿವೃತ್ತಿಯ ದಿನದವರೆಗೂ ಇದು ನಡೆಯಿತು. ಸನ್ಮಾನ ಆಗಲಿಲ್ಲ. ಅತಿಥಿ ಉಪನ್ಯಾಸಕಿಗೆ ಪತ್ರಿಕೆ ಓದಬೇಡ ಎಂದೆ. ಅವಳು ತನ್ನ ಮೇಲೆ ನನಗೆ ಸಿಟ್ಟು ಬಂದಿದೆಯೆಂದು ತಿಳಿದು ಇನ್ನಷ್ಟು ಕರದಂಟು ತಂದಳು, ಅವಳಿಗೆ ತಿಳಿಸಿ ಹೇಳಲು ವಾರ ಹಿಡಿಯಿತು.

ಹುಡುಗಿಗೆ ಸೀಟು ಉಳಿಯಿತು. ಅವರ ಮನೆಗೆ ಊಟಕ್ಕೆ ಕರೆದಳು, ಮೂಡಲಗಿಗೆ ಹೋದೆ. ಕೆಂಪು ಶಾಯಿ ನನ್ನದೆಂಬುದನ್ನು ಅಂದು ಹೊಸ್ತಿಲಲ್ಲೇ ಹೇಳಿದೆ. "ಗೊತ್ತಾತ್ರಿ, ನಿಮ್ಮ ಹಾಳಿ ಎಲ್ಲಾರ ಫೋನಿನಾಗ ಐತಿ," ಎಂದು ಅವಳು ನಕ್ಕಳು. ಅವಳ ತಾಯಿ ನಗಲಿಲ್ಲ. ನಲವತ್ತೈದರ ಸುಮಾರಿನ, ಕೈ ಒರಟಾದ ಹೆಂಗಸು. ತಾಟಿಟ್ಟು, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಎದುರಿಗೇ ಕುಳಿತಳು.

"ನನ್ನ ಗುರುತ ಹಿಡೀಲಿಲ್ಲೇನ್ರಿ ಮಿಸ್? ನಾ ನಿಮ್ಮ ಕ್ಲಾಸಿನ್ಯಾಕಿ. ಗೋಕಾಕದಾಗ, ಎರಡನೇ ಬೆಂಚ."

ಗುರುತು ಸಿಗಲಿಲ್ಲ. ಎಷ್ಟೋ ಹುಡುಗಿಯರು ಎರಡನೆಯ ಬೆಂಚಿನಲ್ಲಿ ಕೂತು ಹೋಗಿದ್ದರು.

"ನಿಮ್ಮ ಗೈಡ್ ಬಾಯಿಪಾಠ ಮಾಡಿ ಬರದಾಕಿ ನಾ. ಲಗ್ನ ಆಗಿ ಈ ಮನೀಗಿ ಬಂದ ಮ್ಯಾಲ ಅಕ್ಕಾರ, ಇಕಿ ದೊಡ್ಡವ್ವ, ಕರದ್ರು, ಹೋದ್ನಿ. ಕಾಲ ಒತ್ತಿದ್ನಿ, ಬೈಸಿಕೊಂಡ್ನಿ, ಉಗಳಿಸಿಕೊಂಡ್ನಿ. ಎಲ್ಲಾ ತಡಕೊಂಡ್ನಿ, ಯಾಕಂದ್ರ ಕಡೀಕ ಆ ಹುಡುಗಿ ಗೆದ್ದಳಲ್ರಿ, ಎಲ್ಲಾರೂ ಕಾಲಿಗಿ ಬಿದ್ರಲ್ಲ. ಇಂಗ್ಲಿಷ್‌ನ್ಯಾವ್ರು ಓದಿ ತಿಳದ ಬರದಿರತಾರ, ಸುಳ್ಳ ಯಾಕ ಬರೀತಾರ ಅಂದ್ನಿ. ಮೊನ್ನೆ ಇಕಿ ಖರೇದ್ದ ಓದಿ ಹೇಳಿದ್ಲು." ಅವಳ ದನಿ ಏರಲಿಲ್ಲ. "ನೀವು ಬರದದ್ದ ಭಾಳ ಚಲೋ ಇತ್ರಿ ಮಿಸ್. ಅದಕ್ಕ ನನಗ ನಿಮ್ಮ ಮ್ಯಾಲ ಇಷ್ಟ ಸಿಟ್ಟ."

ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ. ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು, ಪರವಾಗಿಲ್ಲ ಎನ್ನಲಿಲ್ಲ.

ಅಷ್ಟರಲ್ಲಿ ಒಲೆಯ ಪಕ್ಕದ ಫೋನು ರಿಂಗಾಯಿತು. ದೊಡ್ಡವ್ವನ ಮನೆಯಿಂದ ಎಂದು ಹುಡುಗಿ ಪಿಸುದನಿಯಲ್ಲಿ ನನಗೆ ತಿಳಿಸಿದಳು. ತಾಯಿ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು. ಆ ಕಡೆಯ ಗದರಿಕೆ ನನಗೂ ಕೇಳಿಸುವಂತಿತ್ತು. ಪೂರ್ತಿ ಕೇಳಿಸಿಕೊಂಡು ಅವಳು, "ಇವತ್ತ ಬರೂದಿಲ್ರಿ ಅಕ್ಕಾರ," ಎಂದಳು. ಆ ಕಡೆಯ ದನಿ ಇನ್ನೂ ಏರಿದಾಗ, "ನಾಳೀನೂ ಬರೂದಿಲ್ರಿ. ಮಗಳನ್ನೂ ಕಳಸೂದಿಲ್ಲ," ಎಂದಳು. ಫೋನನ್ನು ಬೋರಲು ಇಟ್ಟು, ನನ್ನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.